ತೋರುವುದು ಮತ್ತು ತೋರಿಸಿಕೊಳ್ಳುವುದು

ಮಾಡಿದುದನ್ನು ಹೇಳಿಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆ ಧರ್ಮವಿಚಾರ ಮಾಡುವವರಿಗೆ ಹೊಸದಲ್ಲ. ಬಲಗೈ ಕೊಟ್ಟುದು ಎಡಗೈಗೆ ತಿಳಿಯಬಾರದೆಂಬ ಮಾತು ನಮ್ಮ ಹಳ್ಳಿಯ ಜನರ ಬಾಯಲ್ಲಿಯೂ ಇದೆ. ದಾಸೋಹವಂತೂ ದಾನಕ್ಕಿಂತ ಒಂದು ಹೆಜ್ಜೆ ಮುಂದೆ ಹೋದುದು. ಅಲ್ಲಿ ಕೊಡುವವನೇ ದಾಸನಾದುದರಿಂದ 'ನಾನು ಕೊಟ್ಟೆ' ಎಂಬ ಮಾತಿಗೆ ಎಡೆಯೇ ಇಲ್ಲ. ಹಾಗಿರುವಾಗ ಮಠವೊಂದು ತನ್ನ ಹೆಸರನ್ನು ತಾನೇ ಒಯ್ದು, ಲೋಕವೆಲ್ಲ ಹುಡುಕುವ ಸೂಚಿಯೊಂದರಲ್ಲಿ ಬರೆಯಿಸಿಕೊಳ್ಳುವುದು ಯುಕ್ತವೇ? ಈ ಪ್ರಶ್ನೆಯನ್ನು ನಾವು ಕುಳಿತಲ್ಲಿ ಕಲ್ಪಿಸಿಕೊಂಡುದಲ್ಲ. ನಮ್ಮ ಹಳೆಯ ವಿದ್ಯಾರ್ಥಿಗಳು ಅದನ್ನು ತಂದು ನಮ್ಮ ಮುಂದಿಟ್ಟರು. ನಾವು ಮೊದಲು ಕೊಟ್ಟ ಉತ್ತರ ತಪ್ಪಾಗಿದ್ದಿತು. ಆ ತಪ್ಪು ಎಲ್ಲಿ ಹುಟ್ಟಿತೆಂಬುದನ್ನು ಸದ್ಭಕ್ತರ ಮುಂದೆ ವಿಚಾರಿಸುವುದು ಈ ಲೇಖನದ ಉದ್ದೇಶ.

ಸಂಗತಿ ಇಷ್ಟು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಕೆಲವರು ಮಠದ ಹೆಸರಿನಲ್ಲಿ ಜಾಲತಾಣವೊಂದನ್ನು ಬಹಳ ವರ್ಷಗಳ ಹಿಂದೆಯೇ ರಚಿಸಿಕೊಟ್ಟಿದ್ದರು. ಅದರಲ್ಲಿ ಗುರುಪರಂಪರೆಯ ವಿವರ, ಜಾತ್ರೆಯ ಚಿತ್ರಗಳು, ಉಚಿತ ಪ್ರಸಾದನಿಲಯದ ನಿಯಮಗಳು ಎಲ್ಲವೂ ಇದ್ದವು. ಆದರೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. 'ಅಪ್ಪಾವರೆ, ಬರೆದಿಟ್ಟರೆ ಸಾಲದು. ಹುಡುಕುವ ಯಂತ್ರಗಳಿಗೆ ಇದು ಇದೆಯೆಂದು ತಿಳಿಸಬೇಕು, ನಕಾಶೆಯಲ್ಲಿ ಹೆಸರು ಸೇರಿಸಬೇಕು, ಅನುಮತಿ ಕೊಡಿರಿ' ಎಂದು ಅವರು ಕೇಳಿದಾಗ ನಾವು ನಕ್ಕು, 'ಹೂವು ಅರಳಿದರೆ ದುಂಬಿ ತಾನಾಗಿ ಬರುತ್ತದೆ. ಹೂವು ಹೋಗಿ ದುಂಬಿಗಳ ಪಟ್ಟಿಯಲ್ಲಿ ಹೆಸರು ಬರೆಯಿಸುವುದಿಲ್ಲ' ಎಂದು ಹೇಳಿ ಕಳುಹಿಸಿದೆವು. ಕುಳಿತಿದ್ದ ಹಿರಿಯರು ತಲೆದೂಗಿದರು. ಆ ಮಾತು ನಮಗೂ ಹಿತವಾಗಿದ್ದಿತು. ಹಿತವಾದುದೇ ಅದರ ದೋಷವೆಂಬುದು ಆಗ ಹೊಳೆಯಲಿಲ್ಲ.

ಮುಂದಿನ ಜೂನ್ ತಿಂಗಳ ಕೊನೆಯಲ್ಲಿ ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಿಂದ ರೈತನೊಬ್ಬನು ಮಗನನ್ನು ಕರೆದುಕೊಂಡು ಬಂದನು. ಹುಡುಗನು ಹತ್ತನೆಯ ತರಗತಿಯನ್ನು ಚೆನ್ನಾಗಿ ಮುಗಿಸಿದ್ದನು. ಅಪ್ಪನ ಕೈಯಲ್ಲಿ ಒಂದು ರಸೀದಿಯಂಥ ಕಾಗದ. ವಿಚಾರಿಸಲಾಗಿ ತಿಳಿದುದೇನೆಂದರೆ, ಹುಡುಗನು ಮೊಬೈಲಿನಲ್ಲಿ ನಮ್ಮ ನಿಲಯವನ್ನು ಹುಡುಕಿದ್ದಾನೆ. ನಮ್ಮ ತಾಣ ಸಿಕ್ಕಿಲ್ಲ; ಅದರ ಬದಲು ಯಾರೋ ಮಧ್ಯಸ್ಥನೊಬ್ಬನ ದೂರವಾಣಿಯ ಸಂಖ್ಯೆ ಸಿಕ್ಕಿದೆ. ಸ್ಥಳ ಕೊಡಿಸುವೆನೆಂದು ಹೇಳಿ ಆತನು ಆರು ಸಾವಿರ ರೂಪಾಯಿ ತರಿಸಿಕೊಂಡಿದ್ದಾನೆ. ಎರಡು ಕುರಿ ಮಾರಿದ ಹಣ. ನಮ್ಮಲ್ಲಿ ಸ್ಥಳಕ್ಕೆಂದು ಯಾರಿಂದಲೂ ಒಂದು ಪೈಸೆ ಪಡೆದುದಿಲ್ಲ. ಅರ್ಜಿಯ ಅವಧಿ ಮುಗಿದಿದ್ದರೂ ಹುಡುಗನನ್ನು ಇರಿಸಿಕೊಂಡೆವು. ಹಣ ಮಾತ್ರ ಹಿಂದಿರುಗಲಿಲ್ಲ. ಆ ರೈತನು ನಮ್ಮನ್ನು ದೂರಲಿಲ್ಲ. 'ನಿಮ್ಮದು ಪುಕ್ಕಟೆ ಅನ್ನೋದು ನಮಗ ಹ್ಯಾಂಗ ತಿಳೀಬೇಕ್ರಿ ಅಪ್ಪಾವರೆ' ಎಂದಷ್ಟೇ ಕೇಳಿದನು.

ಆ ರಾತ್ರಿ ನಮ್ಮ ಹೂವಿನ ಉಪಮೆಯನ್ನು ಮತ್ತೆ ನೆನೆದೆವು. ದುಂಬಿಗೆ ಗಾಳಿಯ ಜಾಡು ಹುಟ್ಟಿನಿಂದಲೇ ಗೊತ್ತು. ಕುಷ್ಟಗಿಯ ಹುಡುಗನಿಗೆ ಗೊತ್ತಿಲ್ಲ. ದುಂಬಿಯನ್ನು ನಡುದಾರಿಯಲ್ಲಿ ನಿಲ್ಲಿಸಿ ಹಣ ಕೀಳುವವನೂ ಇಲ್ಲ. ಉಪಮೆ ಎಷ್ಟು ಸುಂದರವಾಗಿದ್ದರೂ ಅದು ಹೂವಿನ ಕಡೆಯಿಂದ ನೋಡಿ ಹೇಳಿದುದು. ಬರುವವನ ಕಡೆಯಿಂದ ನಾವು ಒಮ್ಮೆಯೂ ನೋಡಿರಲಿಲ್ಲ. 'ನಮ್ಮ ಹೆಸರು ಎಲ್ಲಿಯೂ ಬೇಡ' ಎಂಬ ವಿನಯದಲ್ಲಿಯೂ ಇದ್ದುದು ನಮ್ಮ ಹೆಸರೇ. ಹೆಸರು ಬೇಕೆಂಬುದು ಒಂದು ಅಹಂಕಾರವಾದರೆ, ಬೇಡವೆಂಬುದನ್ನು ನಾಲ್ವರ ಮುಂದೆ ಹೇಳಿ ಸಂತೋಷಪಡುವುದು ಅದರ ತಮ್ಮ. ಹುಡುಗನು ಕೇಳಿದುದು ನಮ್ಮ ಹೆಸರನ್ನಲ್ಲ, ಬಾಗಿಲನ್ನು.

ಹಿಂದಿನ ಕಾಲದಲ್ಲಿ ಈ ಕಷ್ಟವಿರಲಿಲ್ಲವೇ ಎಂದು ಕೆಲವರು ಕೇಳಬಹುದು. ಕಷ್ಟ ಬೇರೆ ರೂಪದಲ್ಲಿದ್ದಿತು. 1948ರವರೆಗೆ ಈ ನಾಲ್ಕೂ ತಾಲ್ಲೂಕುಗಳು, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಹೈದರಾಬಾದಿನ ನಿಜಾಮರ ಆಳಿಕೆಯಲ್ಲಿ ಇದ್ದವು. ಕಚೇರಿಯ ಭಾಷೆ, ಶಾಲೆಯ ಭಾಷೆ ಉರ್ದು. ಕನ್ನಡದಲ್ಲಿ ನಾಲ್ಕಕ್ಷರ ಕಲಿಯುವುದಕ್ಕೆ ಎಲ್ಲಿ ಹೋಗಬೇಕು, ಎಲ್ಲಿ ಊಟ ಸಿಗುತ್ತದೆ ಎಂಬುದು ಜಾತ್ರೆಯಲ್ಲಿ, ಬೀಗರ ಮನೆಯಲ್ಲಿ, ಸಂತೆಯಲ್ಲಿ ಬಾಯಿಂದ ಬಾಯಿಗೆ ತಿಳಿಯುತ್ತಿದ್ದಿತು. ಬಂಧುಬಳಗ ದೊಡ್ಡದಿದ್ದವನಿಗೆ ತಿಳಿಯುತ್ತಿದ್ದಿತು, ಇಲ್ಲದವನಿಗೆ ತಿಳಿಯುತ್ತಿರಲಿಲ್ಲ. ಇಂದು ಆ ಬಂಧುಬಳಗದ ಸ್ಥಾನದಲ್ಲಿ ಅಂಗೈ ಅಗಲದ ಯಂತ್ರ ಬಂದು ಕುಳಿತಿದೆ. ಊರ ಹೊರಗೆ ಹೊಸ ರಸ್ತೆಯಾದ ಮೇಲೆ ದಾರಿಗಲ್ಲನ್ನು ಹಳೆಯ ಕಾಲುದಾರಿಯಲ್ಲಿಯೇ ನಿಲ್ಲಿಸಿಕೊಂಡಿದ್ದರೆ ಆ ಕಲ್ಲಿನಿಂದ ಯಾರಿಗೆ ಉಪಯೋಗ?

ಸೂಚಿಯೆಂದರೆ ಏನೆಂಬುದನ್ನು ಅರಿಯದೆ ಅದರ ಧರ್ಮಾಧರ್ಮವನ್ನು ಹೇಳುವುದು ಸರಿಯಲ್ಲವಾದುದರಿಂದ ಹಳೆಯ ವಿದ್ಯಾರ್ಥಿಗಳನ್ನು ಕೇಳಿ ತಿಳಿದುಕೊಂಡೆವು. 1994ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಜೆರ್ರಿ ಯಾಂಗ್ ಮತ್ತು ಡೇವಿಡ್ ಫೈಲೊ ಎಂಬವರು, ತಮಗೆ ಮೆಚ್ಚಿಗೆಯಾದ ತಾಣಗಳ ಪಟ್ಟಿಯನ್ನು ವಿಷಯವಾರು ಮಾಡಲಾರಂಭಿಸಿದರು. ಅದೇ ಮುಂದೆ ಯಾಹೂ ಆಯಿತು. ನಮ್ಮ ದೇಶದಲ್ಲಿಯೂ 1995ರಲ್ಲಿ ರಾಜೇಶ್ ಜೈನ್ ಅವರು ಆರಂಭಿಸಿದ ಇಂಡಿಯಾವರ್ಲ್ಡ್ ಸಂಸ್ಥೆಗೆ ಸೇರಿದ 'ಖೋಜ್' ಎಂಬ ಸೂಚಿಯಿದ್ದಿತು. 1999ರಲ್ಲಿ ಆ ಸಂಸ್ಥೆ 499 ಕೋಟಿ ರೂಪಾಯಿಗೆ ಮಾರಾಟವಾದಾಗ ಜನ ಬೆರಗಾದರು. ಈ ಸೂಚಿಗಳಲ್ಲಿ ಹೆಸರು ಸೇರಬೇಕಾದರೆ ಅರ್ಜಿ ಹಾಕಬೇಕು. ಯಾವ ವಿಭಾಗಕ್ಕೆ ಸೇರಿದವರು ಎಂದು ಹೇಳಬೇಕು. ಎರಡು ವಾಕ್ಯಗಳಲ್ಲಿ ತಮ್ಮನ್ನು ವರ್ಣಿಸಿಕೊಳ್ಳಬೇಕು. ಅನಂತರ ಸಂಪಾದಕನೊಬ್ಬನು ನೋಡಿ ಒಪ್ಪಬೇಕು. ಯಾಹೂ ಸಂಸ್ಥೆಯು ವ್ಯಾಪಾರದ ತಾಣಗಳಿಂದ ವರ್ಷಕ್ಕೆ 299 ಡಾಲರ್ ಪಡೆಯುತ್ತಿದ್ದ ಕಾಲವೂ ಉಂಟು. ಆ ಹಣವಾದರೂ ಪರಿಶೀಲನೆಗೆ ಮಾತ್ರ, ಸೇರಿಸುವೆವೆಂಬ ಭರವಸೆಗಲ್ಲ. 1998ರಲ್ಲಿ ಹುಟ್ಟಿದ ಮತ್ತೊಂದು ಮುಕ್ತಸೂಚಿಯನ್ನು ಸ್ವಯಂಸೇವಕರು ಯಾವ ಶುಲ್ಕವೂ ಇಲ್ಲದೆ ನಡೆಯಿಸಿದರು. ಅದೊಂದು ಬಗೆಯ ಕಾಯಕವೇ ಸರಿ. ಯಾಹೂವಿನ ಸೂಚಿ 2014ರ ಕೊನೆಗೆ ಮುಚ್ಚಿತು, ಸ್ವಯಂಸೇವಕರದು 2017ರ ಮಾರ್ಚಿಯಲ್ಲಿ.

ಅವುಗಳ ಸ್ಥಾನವನ್ನು ಆಕ್ರಮಿಸಿದ ಗೂಗಲ್ಲಿನ ರೀತಿ ಬೇರೆ. ಬ್ರಿನ್ ಮತ್ತು ಪೇಜ್ ಎಂಬ ಇಬ್ಬರು 1998ರಲ್ಲಿ ಪ್ರಕಟಿಸಿದ ವಿಚಾರದ ತಿರುಳು, ನೀನು ನಿನ್ನ ವಿಷಯದಲ್ಲಿ ಏನು ಹೇಳಿಕೊಳ್ಳುತ್ತೀಯೆ ಎಂಬುದಕ್ಕಿಂತ ಬೇರೆಯವರು ನಿನ್ನ ಕಡೆಗೆ ಎಷ್ಟು ಬೆರಳು ತೋರಿಸುತ್ತಾರೆ ಎಂಬುದನ್ನು ನೋಡುವೆವು ಎಂಬುದು. ತೋರಿಸುವವನೂ ಹತ್ತು ಜನರಿಂದ ತೋರಿಸಲ್ಪಟ್ಟವನಾಗಿದ್ದರೆ ಅವನ ಬೆರಳಿಗೆ ಬೆಲೆ ಹೆಚ್ಚು. ಈಗ ಆ ಲೆಕ್ಕದಲ್ಲಿ ಬೇರೆ ಅನೇಕ ಅಂಶಗಳು ಸೇರಿವೆಯಂತೆ. ಮೂಲ ಮಾತ್ರ ಇದು. ಇದನ್ನು ಕೇಳಿದಾಗ ನಮಗೆ ಹೊಸದೆನಿಸಲಿಲ್ಲ. ಕಲ್ಯಾಣದ ಮಹಾಮನೆಗೆ ಕಾಶ್ಮೀರದಿಂದ ಮೋಳಿಗೆಯ ಮಾರಯ್ಯನವರು, ಸೌರಾಷ್ಟ್ರದಿಂದ ಆದಯ್ಯನವರು ಬಂದರೆಂದು ಪರಂಪರೆ ಹೇಳುತ್ತದೆ. ಬಸವಣ್ಣನವರು ಯಾವ ಊರಿಗೂ ತಮ್ಮ ಹೆಸರಿನ ಓಲೆ ಬರೆದು ಕಳುಹಿಸಿದವರಲ್ಲ. ಊರೂರು ಅಲೆಯುವ ಜಂಗಮರು ತಾವು ಉಂಡುದನ್ನು, ಕಂಡುದನ್ನು, ಕೇಳಿದುದನ್ನು ಹೇಳುತ್ತ ನಡೆದರು. ನಿಂತಲ್ಲಿ ನಿಂತ ಸ್ಥಾವರಕ್ಕೆ ದಾರಿ ತೋರುವ ಕೊಂಡಿ ಎಂದರೆ ಚಲಿಸುವ ಜಂಗಮವೇ. ಆ ಮಾತಿಗೆ ಬೆಲೆ ಬಂದುದು ಹೇಳಿದವನ ನಡೆಯಿಂದ.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಕಾಣಿಸುವಂತಿರುವುದು ಒಂದು, ಮುಂದೆ ಬಂದು ಕಾಣಿಸಿಕೊಳ್ಳುವುದು ಇನ್ನೊಂದು. ಮೊದಲನೆಯದು ಹುಡುಕುವವನಿಗೆ ನಾವು ಸಲ್ಲಿಸಬೇಕಾದ ಋಣ. ಎರಡನೆಯದು ನಮ್ಮ ಬಾಯಾರಿಕೆ. ಎರಡೂ ಹೊರಗಿನಿಂದ ಒಂದೇ ರೀತಿ ತೋರುವುದರಿಂದ ಎರಡನೆಯದಕ್ಕೆ ಹೆದರಿ ನಾವು ಮೊದಲನೆಯದನ್ನೂ ಬಿಟ್ಟುಬಿಟ್ಟೆವು.

ಈ ಭೇದವನ್ನು ನಮ್ಮ ಶರಣರು ಎಷ್ಟು ಸೂಕ್ಷ್ಮವಾಗಿ ತಿಳಿದಿದ್ದರೆಂಬುದಕ್ಕೆ ವಚನಗಳ ಅಂಕಿತಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ವಚನದ ಕೊನೆಯಲ್ಲಿ ಬರೆದವನ ಹೆಸರಿಲ್ಲ. ಬಸವಣ್ಣನವರು ಕೂಡಲಸಂಗಮದೇವನನ್ನು, ಪ್ರಭುದೇವರು ಗುಹೇಶ್ವರನನ್ನು, ಅಕ್ಕನವರು ಚೆನ್ನಮಲ್ಲಿಕಾರ್ಜುನನನ್ನು ಕರೆದರು, ತಮ್ಮನ್ನು ಕರೆದುಕೊಳ್ಳಲಿಲ್ಲ. 'ನಾನು' ಎಂಬುದು ಕರಗಿಹೋಗಿದೆ. ಆದರೂ ಆ ವಚನ ಯಾರದೆಂದು ಹುಡುಕುವವನಿಗೆ ಒಂದು ಎಳೆ ಉಳಿದಿದೆ. ಹದಿನೈದನೆಯ ಶತಮಾನದಲ್ಲಿ, ನಮ್ಮ ಗಂಗಾವತಿಯ ಆನೆಗುಂದಿಯಿಂದ ಹೊಳೆ ದಾಟಿದರೆ ಸಿಗುವ ವಿಜಯನಗರದಲ್ಲಿ, ಪ್ರೌಢದೇವರಾಯನ ಕಾಲದ ವಿರಕ್ತರು ಚೆದರಿಹೋದ ವಚನಗಳನ್ನು ಕೂಡಿಸಿ ಕಟ್ಟುಗಳನ್ನಾಗಿ ಮಾಡುವಾಗಲೂ, ಇಪ್ಪತ್ತನೆಯ ಶತಮಾನದಲ್ಲಿ ಫ. ಗು. ಹಳಕಟ್ಟಿಯವರು ಮನೆಮನೆಯ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ತಾಡವೋಲೆಗಳನ್ನು ಬೇಡಿ ತಂದು ವಿಂಗಡಿಸುವಾಗಲೂ ಕೈಗೆ ಸಿಕ್ಕ ಸೂತ್ರ ಈ ಅಂಕಿತವೇ. ವಕೀಲಿಯ ವೃತ್ತಿಯನ್ನು ಹಿಂದಿಟ್ಟು, ವಾಸದ ಮನೆಯನ್ನೂ ಮಾರಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದು, 1926ರಿಂದ ಶಿವಾನುಭವ ಪತ್ರಿಕೆಯನ್ನು ನಡೆಯಿಸಿದ ಆ ಮಹನೀಯರು ಮಾಡಿದುದನ್ನು ಇಂದಿನ ಮಾತಿನಲ್ಲಿ ಹೇಳುವುದಾದರೆ, ಇದ್ದುದನ್ನು ಹುಡುಕುವವರ ಕೈಗೆ ಸಿಗುವಂತೆ ಮಾಡಿದರು. ಪೂಜೆಯಲ್ಲಿದ್ದ ಕಟ್ಟು ಅದಕ್ಕೂ ಮೊದಲು ಇರಲಿಲ್ಲವೇ? ಇದ್ದಿತು, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಯಾರಿಗೂ ಓದಿಗೆ ಒದಗದೆ. ನಮ್ಮ ಜಾಲತಾಣದ ಸ್ಥಿತಿಯೂ ಅದೇ ಆಗಿದ್ದಿತು.

1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರಕಾರವು ಸಮಗ್ರ ವಚನಸಂಪುಟಗಳನ್ನು ಹದಿನೈದು ಸಂಪುಟಗಳಲ್ಲಿ ಪ್ರಕಟಿಸಿತು. ಅವುಗಳಲ್ಲಿ ಹೆಸರೇ ತಿಳಿಯದ, ಅಂಕಿತ ಮಾತ್ರ ಉಳಿದ ವಚನಕಾರರೂ ಇದ್ದಾರೆ. ಅವರ ಊರು, ಕಾಯಕ ಯಾವುದೂ ನಮಗೆ ಗೊತ್ತಿಲ್ಲ. ಮಾತು ಬೇಕಾದವನಿಗೆ ಮಾತು ಸಿಗುತ್ತದೆ. ಇಂದು ವಚನ ಸಂಚಯವೆಂಬ ತಾಣದಲ್ಲಿ ಯಾವುದೇ ಒಂದು ಶಬ್ದವನ್ನು ಬರೆದು, ಅದು ಯಾವ ಯಾವ ವಚನದಲ್ಲಿ ಬಂದಿದೆಯೆಂಬುದನ್ನು ಹಳ್ಳಿಯ ಉಪಾಧ್ಯಾಯನೂ ನೋಡಬಹುದಾಗಿದೆ. ನಾವು ವಿಶ್ವವಿದ್ಯಾಲಯದಲ್ಲಿ ಓದುವಾಗ ಇಂಥ ಒಂದು ಶಬ್ದಕ್ಕೆ ವಾರಗಟ್ಟಲೆ ಚೀಟಿ ಬರೆದುಕೊಳ್ಳುತ್ತಿದ್ದೆವು.

ಇಲ್ಲಿ ಲಿಪಿಯ ಮಾತೊಂದು ಬರುತ್ತದೆ. ಮೇಲುನೋಟಕ್ಕೆ ಯಂತ್ರದವರ ಮಾತು; ವಿಚಾರಿಸಿದರೆ ಧರ್ಮದ ಮಾತೂ ಹೌದು. ನಮ್ಮ ತಾಣ ಯಾರಿಗೂ ಸಿಗದಿದ್ದುದಕ್ಕೆ ಅರ್ಜಿ ಹಾಕದಿದ್ದುದು ಒಂದು ಕಾರಣವಾದರೆ, ಅದರ ಕನ್ನಡವನ್ನು ಹಳೆಯ ಬಗೆಯ ಫಾಂಟಿನಲ್ಲಿ ಬರೆದುದು ಇನ್ನೊಂದು. ಆ ಬಗೆಯಲ್ಲಿ ಕಣ್ಣಿಗೆ ಕನ್ನಡ ಕಂಡರೂ ಯಂತ್ರದ ಹೊಟ್ಟೆಯಲ್ಲಿ ಕುಳಿತಿರುವುದು ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಕಲಸುಮೇಲೋಗರ. ಆ ಫಾಂಟು ಇಲ್ಲದವನಿಗೆ ಅದು ಅರ್ಥವಿಲ್ಲದ ಗೀಚು. 'ಪ್ರಸಾದನಿಲಯ' ಎಂದು ಹುಡುಕಿದರೆ ಯಂತ್ರಕ್ಕೆ ಆ ಶಬ್ದ ಅಲ್ಲಿ ಕಾಣುವುದೇ ಇಲ್ಲ. ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ 1991ರಿಂದಲೇ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಲೋಕವೆಲ್ಲ ಒಪ್ಪಿದ ಸ್ವಂತ ಸಂಖ್ಯೆಯಿದೆ. ಅದರಲ್ಲಿ ಬರೆದರೆ ಮಾತ್ರ ಯಂತ್ರ ಓದೀತು. ನಾವು ಹೇಳಬೇಕಾದುದನ್ನು ಹೇಳಿದ್ದೆವು, ಕೇಳುವವನಿಗೆ ಕಿವಿಗೆ ಬೀಳದ ದನಿಯಲ್ಲಿ.

ಕೊಪ್ಪಳದವರಿಗೆ ಇದನ್ನು ತಿಳಿಸಲು ದೂರ ಹೋಗಬೇಕಾಗಿಲ್ಲ. ಗವಿಮಠದ ಬೆಟ್ಟದ ಬಂಡೆಯ ಮೇಲೂ ಅದಕ್ಕೆ ಸಮೀಪದ ಪಾಲ್ಕಿಗುಂಡಿನಲ್ಲಿಯೂ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಕ್ರಿಸ್ತಪೂರ್ವ ಮೂರನೆಯ ಶತಮಾನದವು. ಪ್ರಯತ್ನಪಟ್ಟರೆ ದೊಡ್ಡವರಷ್ಟೇ ಅಲ್ಲ, ಚಿಕ್ಕವರೂ ಸ್ವರ್ಗವನ್ನು ಪಡೆಯಬಲ್ಲರು ಎಂಬುದು ಅವುಗಳ ಸಾರ. ಎಲ್ಲರಿಗೂ ತಿಳಿಯಲೆಂದೇ ಬಂಡೆಯ ಮೇಲೆ ಬರೆಯಿಸಿದ ಮಾತು. ಬ್ರಾಹ್ಮಿ ಲಿಪಿ ಜನರಿಗೆ ಮರೆತುಹೋಯಿತು. ಬಂಡೆ ಎದುರಿಗೇ ಇದ್ದರೂ ಮಾತು ಮೂಕವಾಯಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಓದಿ ತೋರಿಸಿದನು. ಕೊಪ್ಪಳದ ಬಂಡೆಗಳು ವಿದ್ವಾಂಸರ ಕಣ್ಣಿಗೆ ಬಿದ್ದುದು 1931ರಲ್ಲಿ, ಟರ್ನರ್ ಅವರು ಅವುಗಳನ್ನು ಪ್ರಕಟಿಸಿದುದು 1932ರಲ್ಲಿ. ಇಲ್ಲಿಯೂ ಅರಸನು ತನ್ನ ಹೆಸರನ್ನು ಬರೆಯಿಸಲಿಲ್ಲ. 'ದೇವರಿಗೆ ಪ್ರಿಯನಾದವನು' ಎಂಬ ಬಿರುದಷ್ಟೇ ಇದೆ. ಆ ಬಿರುದಿನವನು ಅಶೋಕನೇ ಎಂಬುದಕ್ಕೆ 1915ರಲ್ಲಿ ನೆರೆಯ ಮಸ್ಕಿಯಲ್ಲಿ ದೊರೆತ ಶಾಸನ ಆಧಾರವಾಯಿತು. ಒಂದು ಕಲ್ಲು ಇನ್ನೊಂದು ಕಲ್ಲಿಗೆ ಸಾಕ್ಷಿ ನುಡಿಯಿತು.

ಇನ್ನೂ ಒಂದು ಸ್ವಾರಸ್ಯವಿದೆ. ಸುಮಾರು 850ರ ಕವಿರಾಜಮಾರ್ಗದಲ್ಲಿ ತಿರುಳ್ಗನ್ನಡದ ನಾಡು ಎಲ್ಲಿದೆಯೆಂದು ಗುರುತಿಸುವುದಕ್ಕೆ ನಾಲ್ಕು ಊರುಗಳನ್ನು ಹೆಸರಿಸಲಾಗಿದೆ. ಕಿಸುವೊಳಲು, ಪುಲಿಗೆರೆ, ಒಕ್ಕುಂದಗಳೊಂದಿಗೆ ನಮ್ಮ ಕೊಪಣನಗರವೂ ಅಲ್ಲಿ ಬಂದಿದೆ. ಕೊಪ್ಪಳದವರು ಹೋಗಿ ಅರ್ಜಿ ಹಾಕಿ ಆ ಪಟ್ಟಿಗೆ ಸೇರಿದವರಲ್ಲ. ಅಲ್ಲಿ ಆಡುವ ಮಾತು ಒಳ್ಳೆಯದಿದ್ದುದರಿಂದ ಕವಿ ಸೇರಿಸಿದನು. ಆದರೆ ಸೇರಿಸಿದ ಆ ಹೆಸರೇ ನಿಜಾಮರ ಕಾಲದ ಇಂಗ್ಲಿಷ್ ಕಾಗದಪತ್ರಗಳಲ್ಲಿ 'ಕೊಪ್ಬಾಳ'ವಾಗಿ, ಈಗ ಮತ್ತೊಂದು ಕಾಗುಣಿತದಲ್ಲಿದೆ. ಗಂಗಾವತಿಗೂ ಯಲಬುರ್ಗೆಗೂ ಇಂಗ್ಲಿಷಿನಲ್ಲಿ ಎರಡೆರಡು ಕಾಗುಣಿತ. ಯಾವುದರಿಂದ ಹುಡುಕಿದರೂ ಸಿಗುವಂತೆ ಎಲ್ಲವನ್ನೂ ಬರೆದಿಡಬೇಕೆಂದು ನಮ್ಮ ಹುಡುಗರು ಹೇಳಿದಾಗ ಇದೆಂಥ ಕ್ಷುಲ್ಲಕ ವಿಚಾರವೆನಿಸಿತು. ತಪ್ಪಾಗಿ ಬರೆದು ಹುಡುಕುವವನೂ ಹಸಿದವನೇ ಎಂದು ಅವರಲ್ಲೊಬ್ಬನು ಹೇಳಿದನು. ಅವನಿಗೆ ನಾವು ಎದುರು ಹೇಳಲಿಲ್ಲ.

ಹೀಗೆ ಕೊನೆಗೆ ಅನುಮತಿ ಕೊಟ್ಟೆವು. ತಾಣದ ಬರೆಹವೆಲ್ಲ ಯೂನಿಕೋಡಿಗೆ ಬಂದಿತು. ಪುಟಗಳ ಪಟ್ಟಿಯನ್ನು ಶೋಧಯಂತ್ರಕ್ಕೆ ಸಲ್ಲಿಸಿದುದಾಯಿತು. ಅದಕ್ಕೆ ಹಣವೇನೂ ಕೊಡಬೇಕಿಲ್ಲವೆಂಬುದನ್ನು ಇತರ ಮಠಗಳವರ ತಿಳಿವಳಿಕೆಗಾಗಿ ಇಲ್ಲಿ ಹೇಳುತ್ತೇವೆ. ಹಣ ಕೇಳುವವನು ಬೇರೆ ಏನನ್ನೋ ಮಾರುತ್ತಿದ್ದಾನೆ. ನಿಜವಾದ ತೊಡಕು ಬಂದುದು ವಿಭಾಗವನ್ನು ಆರಿಸುವಲ್ಲಿ, ಎರಡು ವಾಕ್ಯದ ವರ್ಣನೆ ಬರೆಯುವಲ್ಲಿ.

ವಿಭಾಗದ ಹೆಸರಿಗೆ 'ವೀರಶೈವ' ಎಂಬುದು ಬರಬೇಕೆಂದು ಕೆಲವರು, 'ಲಿಂಗಾಯತ' ಎಂಬುದು ಬರಬೇಕೆಂದು ಕೆಲವರು ಒಂದು ಸಂಜೆಯನ್ನೆಲ್ಲ ವಾದದಲ್ಲಿ ಕಳೆದರು. ಆ ವಾದದ ಹಿಂದಿನ ಇತಿಹಾಸ ನಮಗೆ ತಿಳಿಯದುದಲ್ಲ, ಅದರಲ್ಲಿ ನಮಗೂ ಒಂದು ಅಭಿಪ್ರಾಯವಿದೆ. ಆದರೆ ಜೂನ್ ತಿಂಗಳಲ್ಲಿ ಅಂಕಪಟ್ಟಿ ಹಿಡಿದು ಹುಡುಕುವ ಹುಡುಗ ಅದನ್ನು ಕೇಳುತ್ತಿಲ್ಲ. ಎರಡೂ ಶಬ್ದಗಳಿರಲಿ, 'ಉಚಿತ ಪ್ರಸಾದನಿಲಯ' ಎಂಬುದು ಅವೆರಡಕ್ಕೂ ಮೊದಲಿರಲಿ ಎಂದೆವು. ಇಬ್ಬರಿಗೂ ಪೂರ್ತಿ ಸಮಾಧಾನವಾಗಲಿಲ್ಲ.

ವರ್ಣನೆಯನ್ನು ಮೊದಲು ಬರೆದು ತಂದವರು 'ನಾಡಿನ ಸುಪ್ರಸಿದ್ಧ', 'ಸಹಸ್ರಾರು ವಿದ್ಯಾರ್ಥಿಗಳ ಬಾಳು ಬೆಳಗಿದ', 'ಆಧುನಿಕ ಸೌಲಭ್ಯಗಳಿಂದ ಕೂಡಿದ' ಮುಂತಾದ ವಿಶೇಷಣಗಳನ್ನು ಧಾರಾಳವಾಗಿ ಬಳಸಿದ್ದರು. ಪ್ರೀತಿಯಿಂದಲೇ ಬರೆದುದು. ನಾವು ಒಂದೊಂದನ್ನೇ ಎತ್ತಿಕೊಂಡು, ಇದನ್ನು ನಂಬಿ ಬಂದವನು ಬಾಗಿಲಲ್ಲಿ ಏನು ಕಾಣುತ್ತಾನೆ ಎಂದು ಕೇಳಿದೆವು. ಹೊಗಳಿಕೆಯೇ ಪಾಪವೆಂದು ನಮ್ಮ ಅಭಿಪ್ರಾಯವಲ್ಲ. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರಿಗೆ ಸೇರಿದ ಇಟಗಿಯಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ದೇವಾಲಯವಿದೆ. ಅಲ್ಲಿಯ ಶಾಸನವು ಅದನ್ನು ದೇವಾಲಯಚಕ್ರವರ್ತಿ ಎಂದು ಕರೆಯುತ್ತದೆ. ಬಹಳ ದೊಡ್ಡ ಮಾತು. ಆದರೆ ಶಾಸನವನ್ನು ಓದಿ ತಲೆಯೆತ್ತಿದವನ ಎದುರಿಗೆ ಆ ಕಂಬಗಳು, ಆ ಶಿಖರ ನಿಂತಿವೆ. ಮಾತು ಸುಳ್ಳೆಂದು ಯಾರೂ ಹೇಳುವಂತಿಲ್ಲ. ನಮ್ಮ ನಿಲಯದಲ್ಲಿ ಆಗ ಎರಡು ಕೋಣೆಗಳ ಮಾಳಿಗೆ ಸೋರುತ್ತಿದ್ದಿತು. 'ಆಧುನಿಕ ಸೌಲಭ್ಯ' ಎಂಬುದನ್ನು ಹೊಡೆದುಹಾಕಿದೆವು. ಉಳಿದುದು ಇಷ್ಟು: ಎಷ್ಟು ಹುಡುಗರಿಗೆ ಸ್ಥಳವಿದೆ, ಯಾವ ತರಗತಿಯವರಿಗೆ, ಅರ್ಜಿ ಯಾವಾಗ, ಊಟ ವಸತಿ ಉಚಿತ, ಯಾವ ಜಾತಿಯವನಾದರೂ ಬರಬಹುದು, ಸ್ಥಳಕ್ಕಾಗಿ ಯಾರಿಗೂ ಹಣ ಕೊಡಬೇಡಿರಿ. ಕೊನೆಯ ವಾಕ್ಯವನ್ನು ಕುಷ್ಟಗಿಯ ರೈತನನ್ನು ನೆನೆದು ನಾವೇ ಸೇರಿಸಿದೆವು.

ಇದಾದ ಕೆಲವು ದಿನಗಳಲ್ಲಿ ಪೇಟೆಯ ಒಬ್ಬ ಗೃಹಸ್ಥನು ಕಚೇರಿಗೆ ಬಂದು, ಇಷ್ಟು ಹಣ ಕೊಟ್ಟರೆ ಮಠದ ಹೆಸರನ್ನು ಎಲ್ಲಕ್ಕೂ ಮೇಲೆ ಬರುವಂತೆ ಮಾಡುವೆನೆಂದೂ, ಐದೈದು ನಕ್ಷತ್ರಗಳ ನೂರು ಅಭಿಪ್ರಾಯಗಳನ್ನು ಒಂದು ತಿಂಗಳಲ್ಲಿ ಬರೆಯಿಸಿಕೊಡುವೆನೆಂದೂ ಹೇಳಿದನು. ನಕಾಶೆಯಲ್ಲಿ ಹೆಸರು ಬಂದ ಮೇಲೆ ಹೋಟೆಲಿಗೆ ಕೊಡುವಂತೆ ಗದ್ದುಗೆಗೂ ಜನ ನಕ್ಷತ್ರ ಕೊಡುತ್ತಾರೆಂಬುದು ನಮಗೆ ಆಗಲೇ ತಿಳಿದುದು. ಅವನನ್ನು ಕಳುಹಿಸುವುದು ಕಷ್ಟವಾಗಲಿಲ್ಲ. ಉಣ್ಣದವನು ಉಂಡೆನೆಂದು ಹೇಳುವುದು ಸುಳ್ಳುಸಾಕ್ಷಿ. ಅದನ್ನು ಕೊಂಡವನೂ ಪಾಲುದಾರ.

ಕಷ್ಟವಾದುದು ನಮ್ಮವರ ವಿಷಯದಲ್ಲಿ. ಈ ಸುದ್ದಿ ಕೇಳಿ ಪರದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳು ಹಣವಿಲ್ಲದೆಯೇ, ಒಂದೇ ರಾತ್ರಿಯಲ್ಲಿ, ಹತ್ತಾರು ಜನ ಐದೈದು ನಕ್ಷತ್ರಗಳನ್ನು ಕೊಟ್ಟರು. ಇದು ಸುಳ್ಳೇ? ಅವರು ಇಲ್ಲಿ ಉಂಡವರು, ಮಲಗಿದವರು. ಆದರೆ ಇಪ್ಪತ್ತು ಮೂವತ್ತು ವರ್ಷಗಳ ಹಿಂದೆ. ಈಗ ಸಾರು ಹೇಗಿದೆ, ನೀರು ಬರುತ್ತದೆಯೇ ಎಂಬುದನ್ನು ಅವರು ಕಂಡವರಲ್ಲ. ಪ್ರೀತಿ ಸಾಕ್ಷಿಯಲ್ಲ ಎಂದು ಹೇಳಿದರೆ ಅವರ ಮನಸ್ಸು ನೋಯುತ್ತದೆ. ಹೇಳದಿದ್ದರೆ ಹುಡುಕುವವನಿಗೆ ಮೋಸವಾಗುತ್ತದೆ. ಬಹಳ ಯೋಚಿಸಿ ಅವರಿಗೆ ಒಂದು ಓಲೆ ಬರೆಯಿಸಿದೆವು: ನಕ್ಷತ್ರ ಬೇಡ, ನೀವು ಯಾವ ವರ್ಷ ಇಲ್ಲಿದ್ದಿರಿ, ಏನು ಉಂಡಿರಿ, ಏನು ಓದಿದಿರಿ ಎಂಬುದನ್ನು ಬರೆಯಿರಿ. ಕೆಲವರು ಬರೆದರು. ಒಬ್ಬನು, ತನ್ನ ಕಾಲದಲ್ಲಿ ಸಾರಿನಲ್ಲಿ ಬೇಳೆಯನ್ನು ಹುಡುಕಬೇಕಾಗಿದ್ದಿತೆಂದೂ, ಆದರೂ ಪರೀಕ್ಷೆಯ ದಿನ ಬೆಳಗಿನ ನಾಲ್ಕು ಗಂಟೆಗೆ ಹಿಂದಿನ ಅಪ್ಪಗಳು ತಾವೇ ಎದ್ದು ಹುಡುಗರಿಗೆ ಬಿಸಿನೀರು ಕಾಸಿದರೆಂದೂ ಬರೆದನು. ಹಿರಿಯ ಗುರುಗಳ ಆ ಸಂಗತಿ ನಮಗೇ ಗೊತ್ತಿರಲಿಲ್ಲ.

ಎರಡು ನಕ್ಷತ್ರ ಕೊಟ್ಟವನೂ ಒಬ್ಬನಿದ್ದಾನೆ. ಅರ್ಜಿ ತೆಗೆದುಕೊಂಡು ಉತ್ತರವನ್ನೇ ಕೊಡಲಿಲ್ಲವೆಂದು ಬರೆದಿದ್ದಾನೆ. ಅದನ್ನು ತೆಗೆಸಿಹಾಕಲು ದೂರು ಕೊಡೋಣವೆಂದು ಭಕ್ತರು ಹೇಳಿದರು. ಕಡತ ತರಿಸಿ ನೋಡಿದೆವು. ಅವನು ಹೇಳಿದುದು ನಿಜ. ಅದು ಅಲ್ಲಿಯೇ ಇದೆ, ಕೆಳಗೆ ನಮ್ಮ ಕ್ಷಮಾಪಣೆಯೊಡನೆ.

ಮಠದ ಹೆಸರು ಈಗ ಹುಡುಕಿದರೆ ಸಿಗುತ್ತದೆ. ಎಷ್ಟನೆಯ ಸಾಲಿನಲ್ಲಿ ಎಂದು ಹುಡುಗರು ಆಗಾಗ ನೋಡಿ ಬಂದು ಹೇಳುತ್ತಾರೆ. ಮೇಲೆ ಬಂದಿದೆಯೆಂದಾಗ ಮನಸ್ಸಿನಲ್ಲಿ ಒಂದು ಸಣ್ಣ ಹಿಗ್ಗು ಏಳುವುದನ್ನು ನಾವು ಬಲ್ಲೆವು. ಅದಕ್ಕಿನ್ನೂ ಔಷಧ ಸಿಕ್ಕಿಲ್ಲ.

ಈ ವರ್ಷ ಜೂನ್ ಎರಡನೆಯ ವಾರದಲ್ಲಿಯೇ ಸ್ಥಳಗಳು ತುಂಬಿದವು. ಅಂದು ಸಂಜೆ ತಾಣದ ಮೊದಲ ಸಾಲಿನಲ್ಲಿ 'ಈ ವರ್ಷ ಸ್ಥಳವಿಲ್ಲ' ಎಂದು ಬರೆಯಿಸಿದೆವು. ಅದರ ಕೆಳಗೆ ಗಂಗಾವತಿ, ಯಲಬುರ್ಗಾ, ಕುಷ್ಟಗಿಗಳಲ್ಲಿರುವ ಬೇರೆ ನಿಲಯಗಳ ಪಟ್ಟಿ ಬರಬೇಕಾಗಿದ್ದಿತು, ಸರಕಾರದವೂ ಬೇರೆ ಮಠಗಳವೂ. ಅವುಗಳಿಗ ಒಂದೊಂದಾಗಿ ಫೋನು ಮಾಡಿ, ಸ್ಥಳವಿದೆಯೇ, ಅರ್ಜಿಯ ಕೊನೆಯ ದಿನ ಯಾವುದು ಎಂದು ಕೇಳಿ ಬರೆದುಕೊಟ್ಟವನು ಕುಷ್ಟಗಿಯ ಆ ಹುಡುಗ. ಈಗ ಅವನು ಪಿಯುಸಿ ಎರಡನೆಯ ವರ್ಷದಲ್ಲಿದ್ದಾನೆ.